ಒಡೆದ ಚುಕ್ಕೆ

ಮಚ್ಚೇಂದ್ರ ಮೊದಲ ಸಲ ನನ್ನ ಮುಖ ನೋಡಿದಾಗ ನಾನು ಬೆಚ್ಚಿಬಿದ್ದೆ. ಕಾರಣ ಇಷ್ಟೇ, ಅವನು ನೋಡಿದ.

ಜನ ನನ್ನನ್ನು ನೋಡುವ ರೀತಿ ನನಗೆ ಬಾಯಿಪಾಠ. ಆರು ವರ್ಷದವಳಿದ್ದಾಗ ಕೊಹಿನೂರು ಎಂಬ ಹಳ್ಳಿಯ ನಮ್ಮ ಮನೆಯಲ್ಲಿ ನನಗೆ ಸಿಡುಬು ಬಂದಿತ್ತು. ದೇವಿ ಬಂದಳು, ಹೋದಳು ಎಂದು ಅವ್ವ ಹೇಳುತ್ತಾಳೆ. ಹೋಗುವಾಗ ಮುಖದ ತುಂಬ ಕಲೆ ಬಿಟ್ಟು ಹೋದಳು. ಅಂದಿನಿಂದ ಯಾರ ಕಣ್ಣಾದರೂ ಸರಿ, ನನ್ನ ಮುಖದ ಮೇಲೆ ಬಿದ್ದದ್ದೇ ಜಾರಿ ಪಕ್ಕದ ಕ್ಯಾಲೆಂಡರಿಗೋ ಗಡಿಯಾರಕ್ಕೋ ಹೋಗಿಬಿಡುತ್ತದೆ. ಬಸವಕಲ್ಯಾಣದ ಹೆಣ್ಣುಮಕ್ಕಳ ಶಾಲೆಯಲ್ಲಿ ನಾನು ಪಿ.ಟಿ. ಟೀಚರ್. ಮಕ್ಕಳು ನನ್ನ ಬೂಟು ನೋಡಿಯೇ ಕವಾಯತು ಕಲಿತವು. ನನ್ನನ್ನು ನೋಡಲೆಂದೇ ಬಂದ ಇಬ್ಬರು ವರಗಳು ಚಹಾದ ಬಶಿಯನ್ನು ನೋಡಿ ಎದ್ದು ಹೋದರು.

ಇವನು ಮಾತ್ರ ಕಣ್ಣು ಅಗಲ ಬಿಟ್ಟು, ನೆಟ್ಟಗೆ ನನ್ನ ಮುಖವನ್ನೇ ನೋಡಿ, "ಬರ್ರಿ ಟೀಚರ್‌ರೀ, ಕುಂದರ್ರಿ" ಅಂದ.

ನಾನು ಕೂರುವುದನ್ನು ಮರೆತು ನಿಂತೇ ಇದ್ದೆ.

ಅದು ಹುಮನಾಬಾದಿನ ಮೊಹಿನುದ್ದೀನ್ ಚಾಚಾನ ಬಂದೂಕು ರಿಪೇರಿ ಅಂಗಡಿ. ಇಸವಿ ೧೯೮೬. ನನ್ನನ್ನು ಅಲ್ಲಿಗೆ ಕರೆದೊಯ್ದವರು ನಿವೃತ್ತ ಸುಬೇದಾರ ಗುಂಡಪ್ಪ ಕಾಕಾ. ಅವರು ಊರ ಹೊರಗಿನ ಹಳೆಯ ಕಲ್ಲುಗಣಿಯಲ್ಲಿ ಒಂದು ಸಣ್ಣ ಶೂಟಿಂಗ್ ಕ್ಲಬ್ ನಡೆಸುತ್ತಿದ್ದರು. ಕಾಲೇಜಿನ ಎನ್‌ಸಿಸಿಯಲ್ಲಿ ನನಗೆ ಗುರಿಯ ಹುಚ್ಚು ಹತ್ತಿದ್ದರಿಂದ ಪ್ರತಿ ಭಾನುವಾರ ಕಲ್ಯಾಣದಿಂದ ಬಸ್ ಹಿಡಿದು ನಾನೂ ಹೋಗುತ್ತಿದ್ದೆ. ಲೈಸೆನ್ಸ್ ಕಾಕಾನದು, ಪಿಸ್ತೂಲು ಕಾಕಾನದು, ಗುರಿ ನನ್ನದು. ಗುರಿಹಲಗೆಗೆ ಮುಖದ ಚಿಂತೆ ಇರುವುದಿಲ್ಲವಲ್ಲ.

ಆ ಸಲ ಕಾಕಾನ ಫೌಜಿ ಗೆಳೆಯನೊಬ್ಬ ವಿಲಾಯತಿನಿಂದ ಒಂದು ರೆಡ್ ಡಾಟ್ ಸೈಟ್ ತಂದುಕೊಟ್ಟಿದ್ದ. ಹೆಬ್ಬೆರಳ ಗಾತ್ರದ ಕೊಳವೆ, ಒಳಗೆ ಗುಂಡಿಯಂಥ ಸಣ್ಣ ಬ್ಯಾಟರಿ. ಕೊಳವೆಯಲ್ಲಿ ನೋಡಿದರೆ ಒಂದು ಕೆಂಪು ಚುಕ್ಕೆ ಗಾಳಿಯಲ್ಲಿ ತೇಲುತ್ತದೆ. ಆ ಚುಕ್ಕೆಯನ್ನು ಗುರಿಯ ಮೇಲೆ ಇಟ್ಟು ಒತ್ತಿದರಾಯಿತು. ಮುಂದಿನ ತಿಂಗಳ ಪಂದ್ಯಕ್ಕೆ ಬೀದರಿನವರು ಬರುವವರಿದ್ದರು. ಅವರೆದುರು ನನ್ನ ಕೈಯಲ್ಲಿ ಇದನ್ನು ಮೆರೆಸಬೇಕೆಂದು ಕಾಕಾನ ಹಟ. ಆದರೆ ಅದರ ತೂತುಗಳಿಗೂ ನಮ್ಮ ಪಿಸ್ತೂಲಿನ ನೆತ್ತಿಗೂ ತಾಳೆಯೇ ಇಲ್ಲ.

"ನಡುವ ಒಂದು ಪಟ್ಟಿ ಕೂಡ್ರಸಬೇಕ್ರಿ," ಅಂದ ಮಚ್ಚೇಂದ್ರ. ಹುಡಗಿ ಎಂಬ ಹತ್ತಿರದ ಹಳ್ಳಿಯವನು, ಹತ್ತು ವರ್ಷದಿಂದ ಚಾಚಾನ ಕೈಯಲ್ಲಿ ಪಳಗಿದವನು. ಕಬ್ಬಿಣದ ತುಂಡೊಂದನ್ನು ಹಿಡಿದು ಅರ ಹಾಕಿ ಉಜ್ಜತೊಡಗಿದ. ಉಜ್ಜುವಾಗ ಕಣ್ಣು ಸೂಜಿಯಷ್ಟು ಕಿರಿದು ಮಾಡುತ್ತಿದ್ದ. ನನ್ನ ಕಡೆ ತಿರುಗಿದಾಗ ಮಾತ್ರ ಎರಡೂ ಕಣ್ಣು ಅಗಲವಾಗುತ್ತಿದ್ದವು. ಅದನ್ನು ನಾನು ಏನೆಂದು ತಿಳಿದೆನೋ ನೀವೇ ಊಹಿಸಿ. ಆಗ ನನಗೆ ಇಪ್ಪತ್ತಾರು.

ಆ ಅಂಗಡಿಯಲ್ಲಿ ಒಂದು ನೇಮವಿತ್ತು. ಸ್ಕ್ರೂ ಬಿಗಿದ ಮೇಲೆ ಸ್ಕ್ರೂವಿನ ತಲೆಯಿಂದ ಪಟ್ಟಿಯವರೆಗೆ ಒಂದು ಕೆಂಪು ಗೆರೆ ಎಳೆಯಬೇಕು. ಆಮೇಲೆ ಸ್ಕ್ರೂ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಳ್ಳತನ ಹೊರಬೀಳುತ್ತದೆ. ಗೆರೆಗೆ ಬೇಕಾದ ಬಣ್ಣ ಪಕ್ಕದ ಮುನ್ನಿ ಬೀಯ ಬಳೆ ಅಂಗಡಿಯ ನೇಲ್ ಪಾಲಿಶ್. ಬಾಟ್ಲಿ ಕೊಡುವಾಗಲೆಲ್ಲ ಮುನ್ನಿ ಬೀ, "ಯಾವ ಸೊಸೀಗಪ್ಪಾ ಇದು?" ಎಂದು ಕೆಣಕುತ್ತಿದ್ದಳು.

"ಆದರ ಗೆರಿ ಸುಮ್ಮ ಎಳ್ಯೂದಿಲ್ಲ ಬೇಟಿ," ಅಂದರು ಚಾಚಾ. "ಕೂಡ್ರಿಸಿದಾವ ಮೊದಲ ನೋಡಬೇಕು, ಆಮ್ಯಾಲ ಪಿಸ್ತೂಲು ಹಿಡಿಯಾವ್ರು. ಇಬ್ಬರೂ ಸರಿ ಅದ ಅಂದ್ರ ಗೆರಿ. ನನ್ನ ಕಣ್ಣು ಹೋಗಿ ಹತ್ತು ವರ್ಷ ಆತು. ಈಗ ಮಚ್ಚೇಂದ್ರನ ಕಣ್ಣೇ ನನ್ನ ಕಣ್ಣು."

ಎರಡನೆಯ ಭಾನುವಾರ ಸೈಟ್ ಕೂತಿತ್ತು. ಮಚ್ಚೇಂದ್ರ ಖಾಲಿ ಪಿಸ್ತೂಲು ಎತ್ತಿದ. "ಎರಡೂ ಕಣ್ಣು ಅಗಲ ಬಿಡು," ಎಂದರು ಕಾಕಾ, ಫೌಜಿನ ಗತ್ತಿನಲ್ಲಿ. ಅವನು ಬಿಟ್ಟ, ನೋಡಿದ, ಪಿಸ್ತೂಲು ಕೆಳಗಿಟ್ಟ.

"ಚುಕ್ಕಿ ಒಡದದ್ರೀ."

ನಾನು ನೋಡಿದೆ. ದಾಳಿಂಬೆ ಬೀಜದಂಥ ಚುಕ್ಕೆ, ಗುಂಡಗೆ, ನಿಚ್ಚಳ.

"ಎಲ್ಲಿ ಒಡದದ?"

"ಬಾಲ ಬಂದಂಗ ಕಾಣಾಕತ್ತದ. ನಾ ಸ್ಕ್ರೂ ಬಾಳ ಬಿಗದೀನಿ ಕಾಣಸ್ತದ, ಕೊಳವಿ ಅದುಮಿರಬೇಕು. ಬಿಚ್ಚಿ ಮತ್ತ ಕೂಡ್ರಸ್ತೀನಿ. ಬರೂ ಆಯತವಾರ ಬರ್ರಿ."

ಬರುವ ಭಾನುವಾರ ಬರ್ರಿ! ನನ್ನ ಕಿವಿ ಬಿಸಿಯಾಯಿತು. ಕಳ್ಳ! ಚುಕ್ಕೆ ಚೆನ್ನಾಗಿದೆ, ನಾನು ಇನ್ನೊಂದು ಸಲ ಬರಲೆಂದು ಸುಳ್ಳು ಹೇಳುತ್ತಿದ್ದಾನೆ. ಇಪ್ಪತ್ತು ವರ್ಷದಲ್ಲಿ ನನ್ನ ಸಲುವಾಗಿ ಯಾರೂ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಬಸ್ಸಿನಲ್ಲಿ ಕಲ್ಯಾಣದವರೆಗೂ ನಗುತ್ತಾ ಬಂದೆ.

ಮೂರನೆಯ ಭಾನುವಾರವೂ ಅವನು ನೋಡಿ ತಲೆಯಾಡಿಸಿದ. "ಇನ್ನೂ ಒಡದದ. ನೀವು ನೋಡ್ರಿ."

ನಾನು ಗುಂಡಗಿದ್ದ ಚುಕ್ಕೆಯನ್ನು ಬಹಳ ಹೊತ್ತು ನೋಡಿ, ಗಂಭೀರವಾಗಿ, "ಹೌದ್ರಿ. ಪೂರಾ ಒಡದದ," ಅಂದೆ. ಅವನ ಮುಖ ಬಿಳಿಚಿತು. ಎಷ್ಟು ಚಂದ ನಟನೆ ಮಾಡುತ್ತಾನೆ ಎಂದುಕೊಂಡೆ.

ನಾಲ್ಕನೆಯ ಭಾನುವಾರ ಹೋದಾಗ ಅವನ ಚೀಲ ಬಾಗಿಲಲ್ಲಿತ್ತು. ಕಾಕಾ ಚಹಾದ ಕಪ್ಪು ಹಿಡಿದು ಮುಖ ಗಂಟು ಹಾಕಿಕೊಂಡಿದ್ದರು.

"ಇವಾ ಕೆಲಸ ಬಿಟ್ಟು ಹೊಂಟಾನ," ಅಂದರು ಕಾಕಾ.

"ವಿಲಾಯತಿ ಸಾಮಾನ ಕೆಡಿಸೀನಿ," ಅಂದ ಮಚ್ಚೇಂದ್ರ. "ಉಸ್ತಾದರ ಹೆಸರಿಗೆ ಕಲಿ ಹಚ್ಚಿದ ಕೈ ಇದು. ಊರಾಗ ಹೊಲದ ಕೆಲಸ ಮಾಡ್ತೀನಿ. ಮೊದಲ ನನ್ನ ಭ್ರಮಿ ಇರಬೇಕು ಅನ್ಕೊಂಡಿದ್ದೆ. ಆದರ ಟೀಚರೂ ನೋಡ್ಯಾರ, ಒಡದದ ಅಂದಾರ."

ನಟನೆಯೆಂದುಕೊಂಡಿದ್ದೆನಲ್ಲ, ಆ ಮನುಷ್ಯನ ಕಣ್ಣಲ್ಲಿ ನೀರಿತ್ತು.

"ಒಡದಿಲ್ಲ!" ಎಂದು ಕಿರುಚಿದೆ. "ಚುಕ್ಕಿ ಗುಂಡಗ ಅದ. ಮೊದಲ ದಿನದಿಂದ ಗುಂಡಗೇ ಅದ. ನಾ ಸುಳ್ಳ ಹೇಳೀನಿ."

"ಯಾಕ?" ಅಂದರು ಮೂವರೂ ಒಟ್ಟಿಗೆ.

ಹಿಂದೆ ಸರಿಯಲು ದಾರಿ ಇರಲಿಲ್ಲ. "ಇವರು ಸುಳ್ಳ ಹೇಳಾಕತ್ತಾರ ಅನ್ಕೊಂಡಿದ್ದೆ. ನಾ… ನಾ ಮತ್ತ ಬರಲಿ ಅಂತ."

ಕಾಕಾನ ಕಪ್ಪು ತುಟಿಯ ಹತ್ತಿರ ನಿಂತುಬಿಟ್ಟಿತು. ಬಾಗಿಲಲ್ಲಿ ಬಳೆ ಸದ್ದಾಯಿತು, ಮುನ್ನಿ ಬೀಗೂ ಕೇಳಿಸಿತ್ತು. ನಾನು ನಾಚಿಕೆಯಿಂದ ಸಾಯುವುದಷ್ಟೇ ಬಾಕಿ.

ಮಚ್ಚೇಂದ್ರ ಬೆರಗಾಗಿ ನನ್ನನ್ನು ನೋಡಿದ. "ನೀವು ಬರ್ತೀರಂತ ನನಗ ಖುಷಿ ಆಗ್ತಿತ್ತು, ಅದು ಖರೇ. ಆದರ ಕೆಲಸದಾಗ ನಾ ಸುಳ್ಳ ಹೇಳೂದಿಲ್ರಿ. ನನಗ ಒಡದಂಗೇ ಕಾಣಸ್ತದ."

ಕಾಕಾ ಎದ್ದು ಪಿಸ್ತೂಲಿನಲ್ಲಿ ನೋಡಿದರು. "ಗುಂಡಗ ಅದಲ್ಲೋ!" ಮುನ್ನಿ ಬೀ ನೋಡಿದಳು. "ಗೋಲ್ ಹೈ." ಕಣ್ಣಿನ ಪೊರೆಯ ಆಪರೇಶನ್ನಾದ ಚಾಚಾ ಕೂಡ ದಪ್ಪ ಕನ್ನಡಕದಲ್ಲಿ ನೋಡಿ ತಲೆಯಾಡಿಸಿದರು. ಆಮೇಲೆ ಕಣ್ಣಿನ ಡಾಕ್ಟರು ತಮಗೆ ಮಾಡಿದ್ದು ನೆನಪಾದವರಂತೆ ನನ್ನ ಕೈಯಲ್ಲಿದ್ದ ಗುರಿಕಾರ್ಡಿನ ಮೂಲೆ ಹರಿದು, ಸೂಜಿಯಿಂದ ಒಂದು ಸಣ್ಣ ತೂತು ಚುಚ್ಚಿದರು.

"ಬೇಟಾ, ಇದನ್ನ ಕಣ್ಣಿಗೆ ಹಿಡಿ. ಇದರಾಗಿಂದ ನೋಡು."

ಮಚ್ಚೇಂದ್ರ ತೂತಿನಲ್ಲಿ ನೋಡಿದ. ಬಾಯಿ ತೆರೆದ. ಕಾರ್ಡು ತೆಗೆದು ಒಮ್ಮೆ, ಹಿಡಿದು ಒಮ್ಮೆ ನೋಡಿ, "ಗುಂಡಗ ಆತು," ಎಂದ.

"ಸಾಮಾನ ಸರಿ ಅದ. ನಿನ್ನ ಕಣ್ಣು ಡೊಂಕ ಅವ," ಅಂದರು ಚಾಚಾ. "ಹುಟ್ಟಿದಾಗಿಂದ ನೀ ಎಲ್ಲಾ ಹರಡಿದ್ದೇ ನೋಡೀದಿ ಬೇಟಾ. ಕಿರಿದು ಮಾಡಿದಾಗಷ್ಟೇ ನೆಟ್ಟಗ. ಹತ್ತು ವರ್ಷ ಬರೇ ಬೆರಳಿನ ಮ್ಯಾಲ ಕೆಲಸ ಮಾಡೀದೇನೋ!"

ಎಲ್ಲರಿಗೂ ಆಶ್ಚರ್ಯ ಅವನ ಕಣ್ಣಿನದು. ನನಗೆ ಬಡಿದ ಸಿಡಿಲೇ ಬೇರೆ. ಕಣ್ಣು ಅಗಲ ಬಿಟ್ಟರೆ ಎಲ್ಲಾ ಹರಡಿ ಕಾಣುತ್ತದೆ. ನನ್ನನ್ನು ಅವನು ನೋಡಿದ್ದೆಲ್ಲ ಅಗಲ ಕಣ್ಣಿನಲ್ಲಿ. ಹಾಗಾದರೆ ನನ್ನ ಮುಖದಲ್ಲಿ ಏನಿದೆಯೆಂದು ಅವನಿಗೆ ಗೊತ್ತೇ ಇಲ್ಲ. ಜಗತ್ತಿನಲ್ಲಿ ಒಬ್ಬನಾದರೂ ಹೆದರದೆ ನೋಡಿದ ಎಂದು ಕುಣಿದೆನಲ್ಲ, ಅವನಿಗೆ ಕಂಡೇ ಇರಲಿಲ್ಲ.

ಅಷ್ಟರಲ್ಲಿ ಮಚ್ಚೇಂದ್ರ ಹೊಸ ಆಟಿಕೆ ಸಿಕ್ಕವನಂತೆ ಕಾರ್ಡು ಹಿಡಿದೇ ಸುತ್ತಲೂ ನೋಡತೊಡಗಿದ. ಗೋಡೆ, ಚಾಚಾನ ಗಡ್ಡ, ಮುನ್ನಿ ಬೀಯ ಬಳೆ. ಆ ತೂತು ನನ್ನ ಕಡೆ ತಿರುಗಿ ನಿಂತಿತು. ಅವನ ನಗು ಅಲ್ಲೇ ನಿಂತಿತು.

ನಾನು ಸೆರಗು ಮುಖಕ್ಕೆ ಎಳೆದುಕೊಂಡು ಹೊರಗೆ ಓಡಿದೆ. ಸಿಕ್ಕ ಮೊದಲ ಬಸ್ ಹತ್ತಿದೆ.

ಎರಡು ಭಾನುವಾರ ನಾನು ಹುಮನಾಬಾದಿಗೆ ಹೋಗಲಿಲ್ಲ. ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿಟ್ಟೆ. ಸಿಟ್ಟು ಅವನ ಮೇಲೋ, ಚಾಚಾನ ಸೂಜಿಯ ಮೇಲೋ ತಿಳಿಯಲಿಲ್ಲ. ಆ ಕಣ್ಣು ಡೊಂಕಾಗಿಯೇ ಇದ್ದರೆ ಯಾರ ಗಂಟು ಹೋಗುತ್ತಿತ್ತು?

ಪಂದ್ಯದ ಹಿಂದಿನ ದಿನ ಶನಿವಾರ. ಶಾಲೆ ಅರ್ಧ ದಿನ. ಕಲ್ಯಾಣದ ಬಸ್‌ಸ್ಟ್ಯಾಂಡಿನ ಮುಂದೆ ಹಾದು ಹೋಗುವಾಗ ಯಾರೋ "ಟೀಚರ್‌ರೀ" ಎಂದರು. ತಿರುಗಿದರೆ ಮಚ್ಚೇಂದ್ರ! ಕಪ್ಪು ಫ್ರೇಮಿನ ದಪ್ಪ ಕನ್ನಡಕ.

"ಬೀದರದಾಗ ಕಣ್ಣು ತೋರಿಸಿದೆ," ಅಂದ. "ನಾಳೆ ಪಂದ್ಯ ಅದ. ಸೈಟ್ ಕೂಡ್ರಿಸಿ ತಯಾರಿಟ್ಟೀನಿ. ನೀವು ಗುಂಡಗ ಅದ ಅಂದಿದ್ರಿ, ಈಗ ನಾನೂ ನೋಡಿದೆ, ಗೆರಿನೂ ಎಳದೀನಿ."

"ಇದನ್ನ ಹೇಳಾಕ ಕಾಕಾ ಕಳಿಸ್ಯಾರೇನು?"

"ಇಲ್ರಿ. ನಾನೇ ಬಂದೀನಿ."

ನಾನು ಸೆರಗನ್ನು ಮುಖಕ್ಕೆ ಎಳೆದುಕೊಂಡೆ. ಕೇಳದೆ ಬದುಕುವುದಾಗದು, ಕೇಳಿಯೇಬಿಟ್ಟೆ. "ಅವತ್ತ ನನ್ನ ನೋಡಿ ಗಾಬರಿ ಆತೇನು?"

"ಆತ್ರಿ. ಅಷ್ಟು ಚಂದ ಮಾತಾಡಾಕಿ ಯಾಕ ಓಡಾಕತ್ತಾಳ ಅಂತ ಗಾಬರಿ ಆತು. ಪೂರಾ ನೋಡೂದ್ರೊಳಗ ಹೋಗಿಬಿಟ್ರಿ. ಅರ್ಧಾ ನೋಡಿ ಹ್ಯಾಂಗ ಏನರ ಹೇಳ್ಲಿ?"

"ಹಂಗಾರ ನೋಡ್ರಿ," ಎಂದೆ. ಸೆರಗು ಬಿಟ್ಟು, ಮಟಮಟ ಮಧ್ಯಾಹ್ನದ ಬಿಸಿಲಿಗೆ ಮುಖ ಎತ್ತಿದೆ.

ಅವನು ನೋಡಿದ. ಪಟ್ಟಿ ಕೂತಿದೆಯೋ ಇಲ್ಲವೋ ಎಂದು ನೋಡುವ ಹಾಗೆ, ಹಣೆಯಿಂದ ಗದ್ದದವರೆಗೆ, ಅವಸರವಿಲ್ಲದೆ. ಅವನ ಹಿಂದೆ ಚಹಾದ ಅಂಗಡಿ, ಅಲ್ಲಿ ಕ್ಯಾಲೆಂಡರ್ ಇತ್ತು, ಗಡಿಯಾರವೂ ಇತ್ತು. ಕಣ್ಣು ಈಗ ಜಾರುತ್ತದೆ, ಈಗ ಜಾರುತ್ತದೆ ಎಂದು ನಾನು ಕಾದೆ. ಜಾರಲಿಲ್ಲ.

"ಕಲಿ ಅವ ರೀ," ಅಂದ. "ಹಣಿ ಮ್ಯಾಲ ಬಾಳ ಅವ, ಬಲಗಲ್ಲದ ಮ್ಯಾಲ ಕಡಿಮಿ. ಎಡಗಣ್ಣಿನ ಮಗ್ಗಲಕ ಒಂದು ದೊಡ್ಡದದ."

"ಮತ್ತ?"

"ಮತ್ತ ಸರಿ ಅದ."

ನನ್ನ ಕಣ್ಣು ತುಂಬಿ ಬಂತು. ಒಡೆದು ಕಂಡ ಚುಕ್ಕೆಯನ್ನು ಸರಿ ಇದೆ ಎನ್ನಲಾರದೆ ಹೊಟ್ಟೆಪಾಡಿನ ಕೆಲಸವನ್ನೇ ಬಿಟ್ಟು ಹೊರಟಿದ್ದ ಮನುಷ್ಯ ಇವನು. ಇವನ ಬಾಯಿಂದ ಬಂದದ್ದನ್ನು ನಾನು ನಂಬದೆ ಇರುವುದು ಹೇಗೆ?

"ಬರೇ ಸರಿ ಏನು?" ಎಂದೆ, ಅಳುತ್ತಲೇ ಕೆಣಕುತ್ತ.

"ನಮ್ಮ ಅಂಗಡ್ಯಾಗ ಅದಕ್ಕಿಂತ ದೊಡ್ಡ ಮಾತ ಇಲ್ರಿ." ಅವನ ಸ್ವರ ಸಣ್ಣದಾಯಿತು. "ಈಗ ನಿಮ್ಮ ಪಾಳಿ. ನೋಡ್ರಿ."

ನಾನು ನೋಡಿದೆ. ಕನ್ನಡಕದ ಕಡ್ಡಿಗೆ ಕಿವಿಗಳು ಮುಂದೆ ಬಾಗಿದ್ದವು. ಹಣೆಯ ಮೇಲೆ ಬೆವರು. "ಕಿವಿ ದೊಡ್ಡವು ಅವ," ಎಂದೆ.

"ಮತ್ತ?"

"ಸರಿ ಅದ."

ಅವನು ಜೇಬಿನಿಂದ ಮುನ್ನಿ ಬೀಯ ನೇಲ್ ಪಾಲಿಶ್ ಬಾಟ್ಲಿ ತೆಗೆದ. ಚಹಾದ ಅಂಗಡಿಯ ಬೆಂಚಿನ ಮೇಲೆ ನನ್ನ ಕೈ ಇಡಿಸಿ, ಹೆಬ್ಬೆರಳಿಗೆ ತನ್ನ ಹೆಬ್ಬೆರಳನ್ನು ಅಂಟಿಸಿಟ್ಟ. ಒಂದು ಸಣ್ಣ ಕೆಂಪು ಗೆರೆ ಎಳೆದ, ಅರ್ಧ ನನ್ನ ಉಗುರಿನ ಮೇಲೆ, ಅರ್ಧ ಅವನ ಉಗುರಿನ ಮೇಲೆ. ಆ ಕಡೆ ನಮ್ಮ ಶಾಲೆಯ ಏಳನೆಯ ತರಗತಿಯ ಹುಡುಗಿಯರು ಬಾಯಿ ತೆರೆದು ನಿಂತಿದ್ದರು. ಅಂದು ಯಾರೂ ನನ್ನ ಬೂಟು ನೋಡುತ್ತಿರಲಿಲ್ಲ.

"ಹುಮನಾಬಾದ್! ಹುಮನಾಬಾದ್!" ಎಂದು ಕಂಡಕ್ಟರ್ ಕೂಗಿದ.

"ನಿಮ್ಮ ಬಸ್ಸು ಹೊಂಟದ," ಎಂದೆ.

"ಒಣಗೂತನಕ ಅಳ್ಳಾಡಬಾರದ್ರಿ," ಅಂದ ಮಚ್ಚೇಂದ್ರ.

ಬಸ್ಸು ಹೋಯಿತು. ನಾವಿಬ್ಬರೂ ಕೈ ಕದಲಿಸಲಿಲ್ಲ.