ಶೋಭಾರಾಣಿಯ ಹನ್ನೆರಡನೇ ಹಾಡು

"ಆ ಕೊನೇ ಹಾಡು ತೆಗ್ದಾಕಮ್ಮ. ಮಿಕ್ಕ ಹನ್ನೊಂದಕ್ಕೆ ಸೈನ್ ಹಾಕ್ತೀನಿ."

ಹೀಗೆಂದು ತಲೆ ಎತ್ತಿದ ಶೋಭಾರಾಣಿ ಹಾಗೇ ನಿಂತುಬಿಟ್ಟಳು. ಬಾಗಿಲಲ್ಲಿ ಕೇಶವ್!

ಮೂವತ್ತೇಳು ವರ್ಷ... ತಲೆ ಬೆಳ್ಳಗಾಗಿದೆ, ಆ ಸೊಟ್ಟ ನಗು ಮಾತ್ರ ಹಾಗೇ ಇದೆ. ಐವತ್ತೆಂಟರ ಹೆಂಗಸಿನ ಎದೆ ಹೀಗೆಲ್ಲ ಡವಡವ ಎನ್ನಬಾರದು. ಎಂದಿತು, ಏನು ಮಾಡುವುದು?

ಒಂದು ಕಾಲಕ್ಕೆ ಶಿಡ್ಲಘಟ್ಟದ ಈಕೆ 'ಡಿಸ್ಕೋ ಶೋಭಾ'. ಊರಿನ ರೇಷ್ಮೆ ನೂಲು ತೆಗೆಯುವ ಶೆಡ್ಡುಗಳಲ್ಲೆಲ್ಲ ಅವಳದೇ ಕ್ಯಾಸೆಟ್. ರಾಗ ಹಾಕುತ್ತಿದ್ದವನು ಚಿಂತಾಮಣಿಯ ಕೇಶವ್. ಈಗ ಮಹತಿ ಎಂಬ ಹುಡುಗಿ ಚಿಕ್ಕಬಳ್ಳಾಪುರದ ತನ್ನ ಸ್ಟುಡಿಯೋದಿಂದ ಆ ಹಿಟ್ ಹಾಡುಗಳ ಸಂಗ್ರಹ ಹೊರತರುತ್ತಿದ್ದಳು. ಒಪ್ಪಿಗೆಯ ಸಹಿಗೆಂದು ಶೋಭಾಳನ್ನು ಅಲ್ಲಿಗೆ ಕರೆಸಿದವಳು, ಕೇಶವನನ್ನೂ ಕರೆದಿರುವುದನ್ನು ಮಾತ್ರ ಹೇಳಿರಲಿಲ್ಲ. ಶೋಭಾ ಹನ್ನೆರಡನೆಯದನ್ನು ಹಾಡಿದ ಮರುದಿನವೇ ಕೇಶವ್ ಬಾಂಬೆಗೆ ಹೊರಟುಹೋಗಿದ್ದ. ಶೋಭಾ ಆಮೇಲೆ ಹಾಡಲೂ ಇಲ್ಲ, ಯಾರನ್ನೂ ಮದುವೆಯಾಗಲೂ ಇಲ್ಲ.

"ಆ ಹಾಡು ಯಾಕೆ ಬೇಡ?" ಕೇಶವ್ ಕೇಳಿದ.

"ಒಂದು ಮಾತೂ ಹೇಳ್ದೆ ಓಡಿಹೋದೋರಿಗೆ ಕಾರಣ ಬೇರೆ ಹೇಳ್ಬೇಕಾ?"

"ನಾನು ಕೇಳಿದ್ದೆ ಶೋಭಾ. ನೀನೇ ಉತ್ತರ ಕೊಡ್ದೆ ಎದ್ದು ಹೋದೆ."

"ಏನ್ ಕೇಳ್ದೆ? ಯಾವಾಗ?"

ಮಹತಿ ಮೆಲ್ಲಗೆ ಕೆಮ್ಮಿದಳು. "ಆಂಟಿ... ಕ್ಯಾಸೆಟ್‌ನಲ್ಲಿ ಆ ಹಾಡು ಸಣ್ಣಗಾಗಿ ನಿಂತೋಗುತ್ತೆ. ಮೂಲ ಟೇಪಲ್ಲಿ ಆಮೇಲೂ ಒಂದು ನಿಮಿಷ ಇದೆ. ಹಾಕ್ಲಾ?"

"ಬೇಡಮ್ಮ," ಎಂದ ಕೇಶವನ ಮುಖ ಕೆಂಪಾಗಿತ್ತು.

"ಹಾಕು," ಎಂದಳು ಶೋಭಾ.

ಡ್ರಮ್ಸ್ ನಿಂತಿತು. ಇಪ್ಪತ್ತೊಂದರ ಶೋಭಾಳ ನಗು ಕೇಳಿಸಿತು. "ಅಯ್ಯೋ, ಬಸ್ ಹೊರಟೋಗುತ್ತೆ!" ಹೆಡ್‌ಫೋನನ್ನು ಟಪ್ಪನೆ ಕೆಳಗಿಟ್ಟ ಸದ್ದು. ಅದರ ಹಿಂದೆಯೇ, ಗಾಜಿನ ಆಚೆ ಕೋಣೆಯ ಮೈಕಿನಲ್ಲಿ ನಡುಗುವ ಗಂಡುದನಿ...

"ಶೋಭಾ, ನನ್ನ ಮದುವೆ ಆಗ್ತೀಯಾ? ಬೇಡ ಅನ್ನಿಸಿದ್ರೆ ಏನೂ ಹೇಳ್ಬೇಡ, ಸುಮ್ನೆ ಹೋಗ್ಬಿಡು. ನಂಗೆ ಅರ್ಥ ಆಗುತ್ತೆ."

ಬಾಗಿಲು ಮುಚ್ಚಿಕೊಂಡ ಸದ್ದಿನೊಂದಿಗೆ ಟೇಪು ಮುಗಿಯಿತು.

ಶೋಭಾಳ ಕಣ್ಣು ತುಂಬಿ ಬಂತು. 'ಒಂದೇ ಒಂದು ನಿಮಿಷ ಕೂತಿದ್ದಿದ್ದರೆ...'

"ಹೆಡ್‌ಫೋನ್ ತೆಗೆದಿಟ್ಟಿದ್ದೆ ಕಣೋ. ನಂಗೆ ಏನೂ ಕೇಳಿಸ್ಲಿಲ್ಲ."

"ಅಯ್ಯೋ ದೇವುಡಾ..." ಕೇಶವ್ ಕುರ್ಚಿಯಲ್ಲಿ ಕುಸಿದ. "ನಾಚ್ಕೆಗೆ ತಲೆ ತಗ್ಗಿಸ್ಕೊಂಡೇ ಕೇಳ್ದೆ, ನಿನ್ನ ಕಡೆ ನೋಡ್ಲೇ ಇಲ್ಲ. ನೀನು ಬೇಡ ಅಂದೆ ಅಂದ್ಕೊಂಡೇ ಇಷ್ಟು ವರ್ಷ ಒಬ್ನೇ ಇದ್ಬಿಟ್ಟೆ."

ಮೂವತ್ತೇಳು ವರ್ಷದ ಸಿಟ್ಟು ಎಲ್ಲಿ ಹೋಯಿತೋ! ಅವಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಮಹತಿ, ಹನ್ನೆರಡನೇ ಹಾಡೂ ಇರ್ಲಿ. ಕೊನೇ ಮಾತು ಮಾತ್ರ ಕತ್ತರಿಸಮ್ಮ, ಅದು ನಂದು."

ಆಮೇಲೆ ಕೇಶವನ ಎದುರು ಬಂದು ಕುಳಿತಳು.

"ಈಗ ಕೇಳು."

"ಈ ವಯಸ್ಸಲ್ಲಾ?"

"ಕೇಳು ಅಂದೆ."

ಅವನು ಗಂಟಲು ಸರಿಮಾಡಿಕೊಂಡ. "ಶೋಭಾ, ನನ್ನ ಮದುವೆ..."

"ಆಗ್ತೀನಿ."

"ಪೂರ್ತಿ ಕೇಳೋಕಾದ್ರೂ ಬಿಡೇ."

"ಇಷ್ಟು ವರ್ಷ ಕಾದಿದ್ದು ಸಾಕು ಕಣೋ. ಇನ್ನು ಒಂದು ಸೆಕೆಂಡೂ ಆಗಲ್ಲ."