ಒಣಗದ ತಳ

“ಒಣಗ್ಯದ ಮುತ್ಯಾ! ಬೇಕಾದ್ರ ಮುಟ್ಟಿ ನೋಡು!” ಚಂದ್ರಶಾ ನೆಲಕ್ಕೆ ಕಾಲು ಅಪ್ಪಳಿಸಿದ.

ಕಮಲಾಪುರದ ಹಳ್ಳದ ದಂಡೆಯಲ್ಲಿ ಹರಿಗೋಲು ಬೋರಲಾಗಿ ಬಿದ್ದಿತ್ತು. ಬಿದಿರಿನ ಬುಟ್ಟಿಗೆ ಹೊಲಿದ ಚರ್ಮದ ತಳ ಕರ್ರಗೆ ಮಿಂಚುತ್ತಿತ್ತು. ಅಜ್ಜ ಮರೆಪ್ಪ ಅದರ ಮೇಲೆ ಹೆಬ್ಬೆರಳು ಒತ್ತಿ ತಿರುವಿದ. ಮೇಲಿನ ಬಣ್ಣ ಹಾಲಿನ ಕೆನೆಯ ಹಾಗೆ ಜಾರಿತು. ಅಡಿಯಲ್ಲಿ ಇನ್ನೂ ಹಸಿ ಹಸಿ.

“ಮೊದಲನೇ ಸಲ ಹಚ್ಚಿದ್ದು ಒಣಗೋ ಮೊದಲೇ ಮತ್ತ ಬಳದೀದಿ. ಹೌದಲ್ಲೋ?”

ಹೊಲಿಗೆಯಿಂದ ನೀರು ಒಳಗೆ ನುಗ್ಗದಂತೆ ಕುಸುಬಿ ಎಣ್ಣೆಯಲ್ಲಿ ರಾಳ, ಮಸಿ ಹಾಕಿ ಕುದಿಸಿದ ಬಣ್ಣ ಅದು. ಒಮ್ಮೆ ಹಚ್ಚಿ, ಪೂರ್ತಿ ಒಣಗಿದ ಮೇಲೆ ಇನ್ನೊಮ್ಮೆ ಹಚ್ಚಬೇಕು. ಮಳೆಗಾಲದಲ್ಲಿ ಅಷ್ಟು ಬಿಸಿಲು ಎಲ್ಲಿಂದ ತರುವುದು? ನಿನ್ನೆ ಅಜ್ಜ ಊಟಕ್ಕೆ ಹೋದಾಗ ಚಂದ್ರಶಾ ಗಡಿಬಿಡಿಯಲ್ಲಿ ಎರಡನ್ನೂ ಮುಗಿಸಿಬಿಟ್ಟಿದ್ದ.

“ಎಲ್ಲಾ ಕೆರದು ತೆಗಿ. ಹೊಸದಾಗಿ ಹಚ್ಚೂಣು.”

“ನಾಳೆ ನನ್ನ ಹುತುತು ಪಂದ್ಯ ಅದ!” ಚಂದ್ರಶಾ ಚೀರಿದ.

ಅದು ನಿಜಾಮರ ಕಾಲ. ಹಳ್ಳಕ್ಕೆ ಸೇತುವೆ ಇರಲಿಲ್ಲ. ನೀರು ತುಂಬಿ ಹರಿಯುವಾಗ ಕಲಬುರಗಿ ಕಡೆ ದಾಟಲು ಇದೊಂದೇ ಹರಿಗೋಲು. ಪಂಚಮಿಗೆ ಕಲಬುರಗಿಯಿಂದ ಅಜ್ಜನ ಊರಿಗೆ ಬಂದಿದ್ದ ಚಂದ್ರಶಾ ಇವತ್ತು ದಾಟದಿದ್ದರೆ, ಅಲ್ಲಿನ ಬ್ರಹ್ಮಪುರ ಓಣಿಯ ಹುಡುಗರ ಕಬಡ್ಡಿ ಟೀಮಿನಲ್ಲಿ ಅವನ ಜಾಗಕ್ಕೆ ಸೂರ್ಯಕಾಂತ ಇಳಿಯುತ್ತಾನೆ. ಸೂರ್ಯಕಾಂತ! ನೆಟ್ಟಗೆ ಉಸಿರು ಹಿಡಿಯಲೂ ಬಾರದವನು! ನೆನೆದರೇ ಚಂದ್ರಶಾನ ಮೈ ಉರಿಯಿತು.

“ತಳ ಯಾರಿಗಿ ಕಾಣಸ್ತದ? ನೀರಾಗೇ ಇರ್ತದಲ್ಲ! ನಿನಗ ನನ್ನ ಕಂಡ್ರೇ ಆಗಲ್ಲ!”

ಅಜ್ಜನ ಮುಖವೂ ಕೆಂಪಾಯಿತು. “ಕೆಲಸ ಕೆಡಿಸಿದಾಂವ ನೀ. ಸಿಟ್ಟೂ ನಿಂದೇ ಏನು?”

ಅಷ್ಟರಲ್ಲಿ ಹಳ್ಳದಾಚೆಯ ಮಹಾಗಾಂವದ ಮಾಳಮ್ಮ ಬಂದಳು. ತಲೆಯ ಮೇಲೆ ಬುಟ್ಟಿ, ಕಂಕುಳಲ್ಲಿ ಕೂಸು. “ಮರೆಪ್ಪ ಕಾಕಾ, ಲಗೂ ದಾಟಸ್ರಿ. ಮೋಡ ಆಗ್ಯದ.”

ಚಂದ್ರಶಾನ ಜೀವ ಕುಣಿಯಿತು. ಇವಳ ಜೊತೆ ತಾನೂ ದಾಟಿಬಿಡಬಹುದು!

ಅಜ್ಜ ಮೊಮ್ಮಗನನ್ನು ದುರುಗುಟ್ಟಿ ನೋಡಿದ. “ಬಣ್ಣ ಹಚ್ಚಿದಾಂವ ಇವ. ಇವನಿಗೇ ಕೇಳವ್ವ.”

ಕೂಸು ಚಂದ್ರಶಾನನ್ನು ನೋಡಿ ಬೊಚ್ಚುಬಾಯಿ ತೆರೆದು ನಕ್ಕಿತು. ಅವನು ಮೆಲ್ಲಗೆ ತಳದ ಹೊಲಿಗೆಯ ಮೇಲೆ ಹೆಬ್ಬೆರಳು ಒತ್ತಿದ. ಬಣ್ಣ ಜಾರಿತು. ಸೂಜಿ ಹಾಯ್ದ ತೂತುಗಳು ಸಾಲಾಗಿ ಕಂಡವು.

“ಇವತ್ತ ಹರಗೋಲ ಇಲ್ರಿ ಅಕ್ಕಾ,” ಎಂದ.

“ನಿಮ್ಮ ಹರಗೋಲಿಗಿ ಬೆಂಕಿ ಹತ್ತಲಿ! ಈ ಕೂಸಿನ ಕಟಗೊಂಡು ಎಲ್ಲಿ ಹೋಗ್ಲಿ?” ಮಾಳಮ್ಮ ಬಯ್ಯುತ್ತಾ ಮತ್ತೆ ಕಮಲಾಪುರದ ಕಡೆ ಹೊರಳಿದಳು. ಆ ಬೈಗುಳ ಅಜ್ಜನಿಗಲ್ಲ, ತನಗೆ ಎಂದು ಚಂದ್ರಶಾನಿಗೆ ಗೊತ್ತಿತ್ತು.

ಸಿಟ್ಟೇನೂ ಇಳಿದಿರಲಿಲ್ಲ. ಸೂರ್ಯಕಾಂತನ ಮೇಲೆ ಸಿಟ್ಟು, ಮೋಡದ ಮೇಲೆ ಸಿಟ್ಟು. ಹಂಚಿನ ಚೂರು ಎತ್ತಿಕೊಂಡು ಬರಬರ ಕೆರೆಯತೊಡಗಿದ. ಅಜ್ಜನೂ ಒಂದು ಚೂರು ಹಿಡಿದು ಎದುರಿಗೆ ಕೂತ.

“ಹೊಲಿಗಿ ಮ್ಯಾಲ ಜೋರು ಮಾಡಬ್ಯಾಡ…”

“ಗೊತ್ತದ ಮುತ್ಯಾ!” ಚಂದ್ರಶಾ ರೇಗಿದ.

ಹೊಲಿಗೆಯ ಹತ್ತಿರ ಅವನ ಕೈ ಆಗಲೇ ಮೆತ್ತಗಾಗಿತ್ತು.