ಹನ್ನೆರಡು ತೊಟ್ಟಿ ಪಾಚಿ

ಮಾರ್ಚ್ ಹದಿನಾಲ್ಕು, ಬೆಳಿಗ್ಗೆ 9.10. ಔಷಧ ಪ್ರಯೋಗಾಲಯದ ನಿರ್ದೇಶಕ ಠಾಣೆಗೆ ನುಗ್ಗಿ ಮೇಜು ಕುಟ್ಟಿದ. ಬೇರೆ ಯಾವ ಔಷಧಿಗೂ ಬಗ್ಗದ ಕೀವುಗಾಯಕ್ಕೆ ಮದ್ದು ತಯಾರಿಸಲೆಂದೇ ಗುಣ ತಿದ್ದಿ ಬೆಳೆಸಿದ್ದ ಸೂಕ್ಷ್ಮ ಪಾಚಿ. ಅದರ ಹನ್ನೆರಡೂ ತೊಟ್ಟಿಗೆ ಯಾರೋ ಬ್ಲೀಚ್ ಸುರಿದಿದ್ದರು.

"ಪಾಚಿ ಸತ್ರೂ ಕೇಸಾ ಸಾರ್?" ಹೆಡ್ ಕಾನ್‌ಸ್ಟೇಬಲ್ ನಕ್ಕ.

"ಹಲ್ಲು ಕಿರೀಬೇಡ. ಎಫ್ಐಆರ್ ಬರಿ." ಆಸ್ಪತ್ರೆಯಲ್ಲಿ ಹನ್ನೊಂದು ಜನ ಆ ಮದ್ದಿಗೆ ಕಾದು ಮಲಗಿದ್ದಾರೆಂದು ಕೇಳಿ ಇನ್ಸ್‌ಪೆಕ್ಟರಿಗೆ ಮೈಯೆಲ್ಲ ಉರಿದಿತ್ತು.

10.30ಕ್ಕೆ ಪ್ರಯೋಗಾಲಯದಲ್ಲಿ ಪಂಚನಾಮೆ. ಬೀಗ ಒಡೆದಿರಲಿಲ್ಲ. ತೊಟ್ಟಿಯ ನೀರೆಲ್ಲ ಬಿಳಿಚಿಕೊಂಡಿತ್ತು. ಹೊಸ ತೊಟ್ಟಿಗೆ ಬಿತ್ತಲೆಂದು ಕಿಟಕಿಯ ಬಳಿ ಇಟ್ಟಿದ್ದ ಬೀಜದ ಪಾಚಿಯ ಸೀಸೆ ಮಾತ್ರ ನಾಪತ್ತೆ.

"ಕದ್ದೋರು ಅದನ್ನ ಉಳಿಸ್ಕೋಬಹುದಾ?" ಇನ್ಸ್‌ಪೆಕ್ಟರ್ ನಿರ್ದೇಶಕನನ್ನು ಕೇಳಿದರು.

"ಬಿಸಿಲಲ್ಲಿಡ್ಬೇಕು, ಮೂರು ಗಂಟೆಗೊಮ್ಮೆ ಅಲುಗಾಡಿಸ್ಬೇಕು. ತಳ ಹಿಡಿದ್ರೆ ಸಾಯುತ್ತೆ."

"ಅದೆಲ್ಲ ಗೊತ್ತಿರೋರು?"

"ತೊಟ್ಟಿ ನೋಡ್ಕೊಳ್ಳೋಳು. ಎಲ್ರೂ ಅಕ್ಕ ಅಂತಾರೆ. ತಂಗಿ ತೀರ್ಕೊಂಡ್ಲು ಅಂತ ರಜೆ ಹಾಕಿದಾಳೆ."

12.15, ಅಕ್ಕನ ಮನೆ. ಸೀಸೆ ಕಿಟಕಿಯಲ್ಲೇ ಇತ್ತು, ಬಚ್ಚಿಡುವ ಗೋಜಿಗೂ ಹೋಗಿರಲಿಲ್ಲ. ಇನ್ಸ್‌ಪೆಕ್ಟರ್ ಕೂರುವ ಮೊದಲೇ ಅವಳು ಅದನ್ನೆತ್ತಿ ಮೆಲ್ಲಗೆ ಅಲುಗಾಡಿಸಿದಳು. ಹೊತ್ತಾಗಿತ್ತು, ಕೈ ಕೇಳಬೇಕಲ್ಲ!

"ಉಂಡ ಮನೆಗೇ ಎರಡು ಬಗೆದೆಯಲ್ಲಮ್ಮ! ಹನ್ನೊಂದು ಜನ ಸಾಯ್ಲಿ ಅಂತಾನಾ?"

"ತೊಟ್ಟೀಲಿ ಮದ್ದೇ ಇರ್ಲಿಲ್ಲ ಸಾರ್!" ಅವಳೂ ಸಿಡಿದಳು. "ಮೂರು ವಾರದಿಂದ ಪಾಚಿ ಬರೀ ಹಸಿರಾಗಿ ಬೆಳೀತಿತ್ತು, ಮದ್ದು ಕೊಡೋದು ನಿಲ್ಸಿತ್ತು. ತಟ್ಟೇಲಿ ರೋಗಾಣು ಬೆಳೆಸಿ ತೊಟ್ಟಿ ಮದ್ದಿನ ಹನಿ ಹಾಕಿ ನೋಡ್ದೆ, ಒಂದೂ ಸಾಯ್ಲಿಲ್ಲ. ಹೇಳಿದ್ರೆ, ಹಳೇ ವರದಿ ಹಚ್ಚಿ ಕಳಿಸು ಅಂದ ಆ ನಿರ್ದೇಶಕ. ಇವತ್ತು ಮತ್ತೆ ಆಸ್ಪತ್ರೆಗೆ ಮದ್ದು ತುಂಬಬೇಕಿತ್ತು. ನಿಜವಾದ ಮದ್ದು ಕೊಡೋ ಪಾಚಿ ಈ ಸೀಸೇಲಿರೋದೊಂದೇ."

ಪ್ರಯೋಗಾಲಯದ ಫ್ರಿಜ್‌ನಲ್ಲಿ ಆ ತಟ್ಟೆಗಳು ದಿನಾಂಕ ಸಮೇತ ಸಿಕ್ಕವು. 4.40ಕ್ಕೆ ಅಕ್ಕನ ಬಂಧನವಾಯಿತು.

"ಸಿಕ್ಕಿಬಿದ್ಲಲ್ಲ ಕಳ್ಳಿ!" ಠಾಣೆಯಲ್ಲಿ ನಿರ್ದೇಶಕ ಬೀಗಿದ.

"ನೀವೂ ಕೂತ್ಕೊಳ್ಳಿ. ಎರಡನೇ ಎಫ್ಐಆರ್ ನಿಮ್ಮ ಮೇಲೆ," ಇನ್ಸ್‌ಪೆಕ್ಟರ್ ಹಲ್ಲು ಕಡಿದರು. ಅತ್ತ ಹೆಡ್ ಕಾನ್‌ಸ್ಟೇಬಲ್ ಜಪ್ತಿಯ ಸೀಸೆಗೆ ಬಟ್ಟೆ ಸುತ್ತಿ, ಮುದ್ರೆ ಒತ್ತಲು ಅರಗು ಕಾಯಿಸುತ್ತಿದ್ದ. "ಏಯ್, ಉಳಿದಿರೋದನ್ನೂ ಕೊಲ್ತೀಯಾ? ಬಿಸಿಲಿಗಿಡು!"

ಸಂಜೆ ಇನ್ಸ್‌ಪೆಕ್ಟರ್ ಅಕ್ಕನಿಗೆ ಅವಳ ಹೇಳಿಕೆ ಓದಿ ಹೇಳಿದರು. ಸಿಟ್ಟು ಇಳಿದಿತ್ತು. "ಇನ್ನೇನಾದ್ರೂ ಸೇರಿಸ್ಬೇಕೇನಮ್ಮ?"

ಅಕ್ಕ ಸಹಿಗೆಂದು ಹಿಡಿದಿದ್ದ ಪೆನ್ನು ಕೆಳಗಿಟ್ಟಳು.

"ತಂಗಿಗೆ ಹೆರಿಗೆ ಗಾಯ ಕೀವಾಗಿತ್ತು. ಆಸ್ಪತ್ರೇಲಿ ಕೊಟ್ಟಿದ್ದು ನಮ್ಮ ತೊಟ್ಟಿ ಮದ್ದೇ. ಸತ್ವ ಇಲ್ಲ ಅಂತ ಗೊತ್ತಿದ್ದೂ ಸೀಸೆಗೆ ತುಂಬಿದೋಳು ನಾನೇ. ಯಾರಿಗೋ ಹೋಗುತ್ತೆ ಅಂದ್ಕೊಂಡಿದ್ದೆ ಸಾರ್."